ಹಾಗಲವಾಡಿಯ ಮನೆಯಲ್ಲಿ ಕೇಳಿದ ದನಿ

ದೆವ್ವ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನಾನು ನಿರ್ದೇಶಿಸಿದ ಮೊದಲ ಸಿನಿಮಾದ ಚಿತ್ರೀಕರಣದಲ್ಲಿ ನಡೆದದ್ದು ನನಗೆ ಇನ್ನೂ ಅರ್ಥವಾಗಿಲ್ಲ.

ಚಿಕ್ಕವಳಿದ್ದಾಗ ನಾನೊಂದು ಸಿನಿಮಾದಲ್ಲಿ ನಟಿಸಿದ್ದೆ. ಮುಖ ನನ್ನದು, ಮಾತು ಬೆಂಗಳೂರಿನ ಡಬ್ಬಿಂಗ್ ಕಲಾವಿದೆಯೊಬ್ಬರದು. ನನ್ನ ದನಿ ಒಡಕು ಎಂದು ಸೆಟ್ಟಿನಲ್ಲೇ ತೀರ್ಮಾನವಾಗಿತ್ತು. ತುಮಕೂರಿನ ಟಾಕೀಸಿನಲ್ಲಿ ಅಮ್ಮನ ಕೈ ಎಳೆದು, "ಅದು ನಾನಲ್ಲ ಕಣಮ್ಮ" ಎಂದಿದ್ದೆ. ಆಮೇಲೆ ಮದುವೆಮನೆಗಳಲ್ಲಿ ನೆಂಟರು ನನ್ನಿಂದ ಆ ಸಿನಿಮಾದ ಒಂದು ಡೈಲಾಗ್ ಹೇಳಿಸುತ್ತಿದ್ದರು. "ನಾನ್ ಬರಲ್ಲ, ಇಲ್ಲೇ ಇರ್ತೀನಿ." ಹೇಳಿ ಮುಗಿಸುವಷ್ಟರಲ್ಲಿ, "ಅಯ್ಯೋ, ಸಿನಿಮಾದಲ್ಲಿ ಗಿಣಿ, ಇಲ್ಲಿ ಕಪ್ಪೆ ಏನೇ?" ಎಂದು ನಗುತ್ತಿದ್ದರು. ನಾನು ಮಾತು ಕಡಿಮೆ ಮಾಡಿದೆ.

ನನ್ನ ಸಿನಿಮಾದಲ್ಲಿ ಗುಬ್ಬಿಯ ಪುಟ್ಟ ಹುಡುಗಿ ಸಿಂಚನಾ ನಟಿಸುತ್ತಿದ್ದಳು. ಮಾತನ್ನು ಸ್ಥಳದಲ್ಲೇ ರೆಕಾರ್ಡ್ ಮಾಡುತ್ತಿದ್ದೆವು. ಹಾಗಲವಾಡಿಯ ಮನೆಯೊಂದರಲ್ಲಿ ಕೊನೆಯ ದಿನದ ಕೆಲಸ ನಡೆದಿದ್ದಾಗ, ಕುಣಿಗಲ್ಲಿನವರಾದ ನಮ್ಮ ನಿರ್ಮಾಪಕರು ಬಂದು ಅವಳ ಮಾತು ಕೇಳಿಸಿಕೊಂಡರು.

"ಮೇಡಂ, ಈ ಮಗೂದು ವಾಯ್ಸು ಗಡುಸು. ಬೇರೆಯವ್ರ ಕೈಲಿ ಡಬ್ ಮಾಡ್ಸುಬುಡಾಣ. ಸಂಜೆ ಒಳಗ್ ಹೇಳಿ."

ಇಲ್ಲ ಎನ್ನಲಾಗದೆ, "ಸಂಜೆ ಹೇಳ್ತೀನಿ ಸಾರ್" ಎಂದೆ. ಸಿಂಚನಾ ಅಲ್ಲೇ ನಿಂತಿದ್ದಳು. "ಅಕ್ಕಾ, ನಾನ್ ಮಾತಾಡಿದ್ದು ಬರಲ್ವಾ? ನಮ್ಮಜ್ಜಿಗೆ ಕಣ್ ಕಾಣಲ್ಲ ಕಣಕ್ಕ, ನಾನೇ ಅಂತ ಹೆಂಗ್ ಗೊತ್ತಾಗ್ತದೆ?" ನಾನು ಅವಳನ್ನು ತಾಯಿಯ ಜೊತೆ ಗುಬ್ಬಿಗೆ ಕಾರು ಹತ್ತಿಸಿದೆ. ಒಪ್ಪಿಕೊಳ್ಳುವುದೆಂದು ಮನಸ್ಸು ಮಾಡಿಯಾಗಿತ್ತು. ಆದರೂ ಕೂತಲ್ಲಿ ಕೂರಲಾಗಲಿಲ್ಲ, ಪಡಸಾಲೆಯಲ್ಲಿ ಸುಮ್ಮನೆ ಓಡಾಡಿದೆ.

ಪ್ಯಾಕಪ್‌ಗೆ ಮುಂಚೆ ಖಾಲಿ ಕೋಣೆಯ ಮೌನವನ್ನೂ ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿಕೊಳ್ಳುವುದು ನಮ್ಮ ರೂಢಿ. ಎಡಿಟಿಂಗಿನಲ್ಲಿ ಮಾತಿನ ನಡುವಿನ ಜಾಗ ತುಂಬಲು ಅದು ಬೇಕು. ಎಲ್ಲರೂ ಅಂಗಳಕ್ಕೆ ಹೋದರು. ಸೌಂಡ್ ರೆಕಾರ್ಡಿಸ್ಟ್ ನಾಗರಾಜು ಮತ್ತು ನಾನು ಹೆಡ್‌ಫೋನ್ ಹಾಕಿಕೊಂಡು ಬಾಗಿಲ ಬಳಿ ಕೂತೆವು. ಮಧ್ಯಾಹ್ನದ ಬಿಸಿಲು. ಕಿವಿಯಲ್ಲಿ ಹೊರಗಿನ ತೆಂಗಿನ ಗರಿಗಳ ಸದ್ದು ಬಿಟ್ಟರೆ ಏನೂ ಇಲ್ಲ.

ಆಗ ಒಂದು ಮಗು, ಮೈಕಿಗೆ ತೀರಾ ಹತ್ತಿರದಲ್ಲಿ, "ನಾನ್ ಬರಲ್ಲ, ಇಲ್ಲೇ ಇರ್ತೀನಿ" ಎಂದಿತು. ಒಡಕು ದನಿ. ನನ್ನದು.

ನಾಗರಾಜು ಹೆಡ್‌ಫೋನ್ ಕಿತ್ತು ಕೂಗಿದರು. "ಯಾರ್ರೀ ಅದು, ಮಗೂನ ಒಳಗ್ ಬಿಟ್ಟಿದ್ದು? 'ಇಲ್ಲೇ ಇರ್ತೀನಿ' ಅಂತದೆ!"

ಇಬ್ಬರೂ ಕೋಣೆಯೆಲ್ಲ ಹುಡುಕಿದೆವು, ಯಾರೂ ಇರಲಿಲ್ಲ. ರೆಕಾರ್ಡಿಂಗ್ ಹಾಕಿ ಕೇಳಿದರೆ ಗರಿಗಳ ಸದ್ದು ಮಾತ್ರ.

ನೇರವಾಗಿ ನಿರ್ಮಾಪಕರ ಬಳಿ ಹೋಗಿ, "ಡಬ್ಬಿಂಗ್ ಬೇಡ ಸಾರ್, ಅವಳ ಮಾತೇ ಇರಲಿ" ಎಂದೆ. "ಪಿಚ್ಚರ್ ಮಕಾಡೆ ಮಲಗಿದ್ರೆ ನನ್ನ ಕೇಳ್ಬೇಡಿ" ಎಂದು ಅವರು ಸಿಡುಕಿ ಹೋದರು.

ಮನಸ್ಸಿನ ಹಂಬಲ ನನ್ನ ಕಿವಿಗೆ ಮಾತಾಗಿ ಕೇಳಿಸಿತು ಎಂದುಕೊಳ್ಳಬಹುದು. ಆದರೆ ನಾಗರಾಜು ಅವರಿಗೂ ಅದು ಕೇಳಿಸಿತಲ್ಲ. ಆ ಹಳೆಯ ಸಿನಿಮಾವನ್ನು ಅವರು ನೋಡಿಯೇ ಇಲ್ಲ. ನೋಡಿದ್ದರೂ, ನನ್ನ ದನಿ ಅದರಲ್ಲಿ ಎಲ್ಲಿದೆ?