ಏರಿಬುಡದ ಜೇಡಿ

ನಮ್ಮ ಓವರ್ಸಿಯರು ನಡೆದರೆ ಕಾಲಿನಿಂದ ಕೆರೆ ಉದುರುತ್ತಿತ್ತು. ಮೊಣಕಾಲಿನವರೆಗೆ ಮೆತ್ತಿದ ಹೂಳು ಒಣಗಿ, ಬಿರಿದು, ಆಫೀಸಿನ ನೆಲದ ಮೇಲೆಲ್ಲ ಚಕ್ಕೆ ಚಕ್ಕೆ. ಐವತ್ತರ ದಶಕದ ಕೊನೆಯಲ್ಲಿ ಚನ್ನರಾಯಪಟ್ಟಣದಲ್ಲಿ ನಾನು ಅವರ ಗುಮಾಸ್ತ. ಶಾಂತಿಗ್ರಾಮದ ಕಡೆಯ ನಮ್ಮೂರಿನ ಕೆರೆಯೂ ಅವರ ಸುಪರ್ದಿಗೇ ಸೇರಿತ್ತು.

ಹೆದರಿಕೆಯನ್ನು ಮುಚ್ಚಿಡದ ಅಧಿಕಾರಿ ಎಂದರೆ ನಾನು ಕಂಡಂತೆ ಅವರೊಬ್ಬರೇ. "ನನಗೆ ಭಯವಾಗ್ತಿದೆ ಕಣಯ್ಯ, ನಡಿ, ಇನ್ನೊಂದು ಕಡೆ ಅಗೆದು ನೋಡೋಣ" ಎನ್ನುವರು. ಕೆರೆಯ ಹತ್ತಾರು ಕಡೆಯ ಹೂಳನ್ನು ಸೀಸೆಗಳಲ್ಲಿ ನೀರು ಬೆರೆಸಿ ಕುಲುಕಿಟ್ಟರೆ ಮರಳು ತಳಕ್ಕಿಳಿದು ಜೇಡಿ ಮೇಲೆ ನಿಲ್ಲುತ್ತಿತ್ತು. ಯಾವುದೆಷ್ಟೆಂದು ಅಳೆದು ಸರಾಸರಿ ತೆಗೆಯುವರು.

ಬೇಸಿಗೆಯಲ್ಲಿ ಹೂಳೆತ್ತಿ ಹೊಲಕ್ಕೆ ಹೊಡೆಯುವುದು ನಮ್ಮೂರ ವಾಡಿಕೆ. ಆ ವರ್ಷ ಗಾಡಿ ತಿರುಗಿಸಲು ಸಲೀಸೆಂದು ಎಲ್ಲರೂ ಏರಿಯ ಒಳಬುಡದಲ್ಲೇ ಅಗೆದಿದ್ದರು. ನೀರು ಏರಿಯೊಳಗೆ ನುಗ್ಗದಂತೆ ತಡೆದಿದ್ದ ಕಪ್ಪು ಜೇಡಿಯೇ ಗಾಡಿ ಹತ್ತಿ ಹೋಗಿತ್ತು. ಸಂಗತಿ ತಿಳಿದು ಅವರು ಅಲ್ಲಿಯ ಹೂಳು ತಂದ ವಾರದಲ್ಲೇ ಮಳೆ ಹಿಡಿದು ಕೆರೆ ತುಂಬತೊಡಗಿತು. ಏರಿಯ ಕೆಳಗೇ ನಮ್ಮ ಮನೆ. ಹೆಂಡತಿ ತುಂಬು ಬಸುರಿ.

ಮೇಜಿನ ಮೇಲೆ ಸೀಸೆಗಳ ಎರಡು ಸಾಲು. ಒಂದು, ಹಿಂದಿನ ವರ್ಷ ಏರಿ ಒಡೆದ ಪಕ್ಕದೂರಿನ ಕೆರೆಯದು. ಅಲ್ಲಿ ತೇಲಿಬಂದ ತೊಟ್ಟಿಲನ್ನು ನಾನೇ ಕಂಡಿದ್ದೆ. ಇನ್ನೊಂದು ನಮ್ಮದು. ನಮ್ಮ ಸಾಲಿನಲ್ಲಿ ಜೇಡಿ ದಪ್ಪಗಿದ್ದ ಎರಡನ್ನು ಎತ್ತಿ ಹಿಡಿದೆ.

"ಸಾರ್, ಇವು ಚೆನ್ನಾಗವೆ."

"ಬೇಕಾದ್ದನ್ನ ಆರಿಸ್ಕೋಬೇಡಯ್ಯ. ಇಡೀ ಸಾಲು ನೋಡು. ಸರಾಸರಿಯಲ್ಲಿ ಆ ಕೆರೆಗೂ ಇದಕ್ಕೂ ವ್ಯತ್ಯಾಸವೇ ಇಲ್ಲ."

ಆಗಲೇ ಊರಿಗೆ ಹೊರಟೆವು. ತೂಬು ಎತ್ತಿ ನೀರು ಬಿಡಬೇಕೆಂದಾಗ ನಮ್ಮ ಪಟೇಲ ನಕ್ಕ.

"ಸೀಸೆಲಿರೋದ್ನ ಕುಡ್ಕಂಡು ಬಂದ್ರಾ ಸಾ? ನೀರು ಬುಟ್ಬುಟ್ರೆ ಗದ್ದೆಗೇನು ನಿಮ್ ಬೆವ್ರು ಆಯ್ಸಾನಾ?"

"ಬಯ್ಯಿ ಪಟೇಲ, ಎಷ್ಟಾದ್ರೂ ಬಯ್ಯಿ. ನಂಗೆ ಭಯ ಆಗ್ತಿದೆ. ತೂಬು ಎತ್ತಿಸು."

ಯಾರೂ ಅಲುಗದಿದ್ದಾಗ ಅವರೇ ತೂಬಿನ ಕಡೆ ನಡೆದರು. ಎತ್ತಲು ನಾನೂ ಕೈಗೂಡಿಸಿದೆ. ಆಮೇಲೆ ಹೆಂಡತಿಯನ್ನು ದಿಣ್ಣೆಯ ಮೇಲಿನ ನೆಂಟರ ಮನೆಗೆ ಸಾಗಿಸಿ ಓಡಿಬಂದೆ. ನೀರು ಇಳಿಯುವವರೆಗೂ ಏರಿಯ ಮೇಲೆ ನಿಂತವರಿಗೆಲ್ಲ ಕಾಲ ಕೆಳಗಿನ ಮಣ್ಣು ಮಿಡಿದಂತೆ.

ಕೆರೆ ತಗ್ಗಿದಾಗ ಏರಿಯ ಒಳಬುಡದಲ್ಲಿ ನೀರು ಕೊರೆದ ಬಿಲವೊಂದು ಕಂಡಿತು. ಪಟೇಲ ಕೈ ಹಾಕಿದ. ಭುಜದವರೆಗೂ ಹೋಯಿತು. ಹೊರಗೆಳೆದು ಮರಳು ಮೆತ್ತಿದ ತೋಳನ್ನೇ ನೋಡುತ್ತ ನಿಂತ.

ಏರಿ ಉಳಿಯಿತು. ಆದರೆ ಅರ್ಧ ಊರಿಗೆ ಭತ್ತವಾಗಲಿಲ್ಲ, ಬೈಗುಳವೆಲ್ಲ ಓವರ್ಸಿಯರಿಗೇ. ನನಗೆ ಮಗಳು ಹುಟ್ಟಿದಳು.

ಕೆಲವು ವರ್ಷಗಳ ಮೇಲೆ ಅವರು ಹಾಸನದಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಲು ನಾನು ಬಸ್ಸು ಕಾಯುತ್ತಿದ್ದರೆ ಪಟೇಲನೂ ಬಂದು ಪಕ್ಕದಲ್ಲಿ ನಿಂತ. ಬಸ್ಸಿನ ದಾರಿ ನೋಡುತ್ತಲೇ ಅಂದ:

"ಅವತ್ತು ನಂಗೂ ಎದ್ರಿಕೆ ಆಗಿತ್ತು ಕಣ್ಲಾ. ಊರ ಮುಂದೆ ಅಂಗನ್ನಾಕೆ ಬಾಯೇ ಬರ್ನಿಲ್ಲ."