ಅಕ್ಕನ ಪಟ್ಟಿಯಲ್ಲಿ ಪ್ರಿಂಟರ್ ಇರಲಿಲ್ಲ

ಮೂರು ತಿಂಗಳ ಹಿಂದೆ ಆಳಂದದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಯಲ್ಲಿ ನಿಂತು ನಾನೊಂದು ಸುಳ್ಳು ಹೇಳಿದೆ. ದೊಡ್ಡದೇನಲ್ಲ. ಮೂರೇ ಶಬ್ದ. “ಸಾಲಿ ಕೆಲಸಕ್ಕ ಬೇಕಾಗ್ಯಾದ್ರಿ.”

ಕಚೇರಿಯಲ್ಲಿ ಕುಳಿತು ದಿನಕ್ಕೆ ಹತ್ತು ಸಲ ‘ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ’ ಎನ್ನುವ ಗುಮಾಸ್ತನಿಗೆ ಇದೇನು ಮಹಾ ಸುಳ್ಳು ಎಂದು ಈ ಅಂಕಣ ಓದುವ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲು ಅಕ್ಕನ ಬಗ್ಗೆ ಹೇಳಿಬಿಡುತ್ತೇನೆ. ಶರಣಮ್ಮ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಇಲ್ಲಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ವಯಸ್ಸು ನಲವತ್ತಾರು. ಮದುವೆಯಾಗಲಿಲ್ಲ. (ಯಾಕೆ ಎಂದು ಕೇಳಬೇಡಿ. ಊರು ಈಗಾಗಲೇ ಸಾಕಷ್ಟು ಕೇಳಿದೆ.) ಅಕ್ಕ, ನಾನು, ನನ್ನ ಹೆಂಡತಿ, ಮೂವರೂ ಒಂದೇ ಮನೆಯಲ್ಲಿ. ಬೆಳಿಗ್ಗೆ ಎದ್ದರೆ ಲಿಂಗಪೂಜೆ, ಆಮೇಲೆ ಶಾಲೆ, ಸಂಜೆ ಟ್ಯೂಷನ್. ಊರಿನ ಕಣ್ಣಿಗೆ ಅಕ್ಕನ ಬದುಕು ಇಷ್ಟೇ.

ಊರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ನಮ್ಮಕ್ಕ ವಿಮಾನ ಹಾರಿಸುತ್ತಿದ್ದಳು.

ಕಂಪ್ಯೂಟರಿನಲ್ಲಿ.

ಊರಿನ ಒಂದು ಕಂಪ್ಯೂಟರ್ ಕ್ಲಾಸಿನವರು ಹೊಸ ಮಷಿನ್ ತರಿಸಿಕೊಂಡು ಹಳೆಯ ಫೋರ್-ಎಯ್ಟಿ-ಸಿಕ್ಸ್‌ಗಳನ್ನು ಮಾರಿದಾಗ ಅಕ್ಕ ಒಂದನ್ನು ಮನೆಗೆ ತಂದಳು. ಪ್ರಶ್ನೆಪತ್ರಿಕೆ ಟೈಪ್ ಮಾಡಲಿಕ್ಕೆ ಎಂದಳು. ಮಾಡಿದಳು ಕೂಡ. ಆದರೆ ಆ ಪುಣ್ಯಾತ್ಮರು ಅದರೊಳಗಿನ ಒಂದು ಆಟವನ್ನು ಅಳಿಸಲು ಮರೆತಿದ್ದರು. ವಿಮಾನದ ಆಟ. ಏರಿಸಬೇಕು, ಹಾರಿಸಬೇಕು, ಇಳಿಸಬೇಕು. ಯಾರನ್ನೂ ಹೊಡೆಯುವುದಿಲ್ಲ, ಬಡಿಯುವುದಿಲ್ಲ.

ಮೊದಲ ತಿಂಗಳು ಅಕ್ಕನ ವಿಮಾನ ಬೀಳದ ಜಾಗವಿಲ್ಲ. ಸಮುದ್ರಕ್ಕೆ ಬಿತ್ತು, ಗುಡ್ಡಕ್ಕೆ ಬಡಿಯಿತು. ಒಂದು ಭಾನುವಾರ ನೋಡುತ್ತೇನೆ, ಅಕ್ಕ ಗ್ರಾಫ್ ಹಾಳೆ ಹರವಿಕೊಂಡು ಕೂತಿದ್ದಾಳೆ.

“ಏನ ಮಾಡಾಕತ್ತಿ ಅಕ್ಕಾ?”

“ಇಳಿಸೋ ಕೋನ ತಪ್ಪಾಕತ್ತದ. ಮೂರು ಡಿಗ್ರಿಯಾಗ ಬರಬೇಕು. ನಾ ಐದರಾಗ ಬರಾಕತ್ತೇನಿ.”

ಮುಂದಿನ ವಾರ ವಿಮಾನ ಇಳಿಯಿತು. ಅಕ್ಕ ಕೂಗಿದ ಕೂಗಿಗೆ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಇಬ್ಬರೂ ಆ ಚಿಕ್ಕ ಪರದೆಯ ಮುಂದೆ ನಿಂತು ನಕ್ಕಿದ್ದೇ ನಕ್ಕಿದ್ದು.

“ಇದರಾಗ ಏನ ಸಿಗತದ್ರೀ ಅಕ್ಕಾರ ನಿಮಗ?” ಎಂದು ಹೆಂಡತಿ ಕೇಳಿದಳು.

“ಮ್ಯಾಲ ಹೋದ ಮ್ಯಾಲ ಯಾರೂ ಏನೂ ಕೇಳಂಗಿಲ್ಲ ನೋಡವ್ವಾ,” ಎಂದಳು ಅಕ್ಕ.

ಆಮೇಲೆ ಅದೇ ಆಟದ ಹೊಸ ಆವೃತ್ತಿ ಬಂತು. ಅಕ್ಕ ಅದರ ಸಿ.ಡಿ. ಸೋಲಾಪುರದಿಂದ ತರಿಸಿದಳು. ಹಾಕಿದರೆ ನಮ್ಮ ಮುದಿ ಮಷಿನ್ ಕುಂಟತೊಡಗಿತು. ಒಂದು ಚಿತ್ರ ಬಂದು ಇನ್ನೊಂದು ಬರುವಷ್ಟರಲ್ಲಿ ವಿಮಾನ ಬಿದ್ದಿರುತ್ತಿತ್ತು. ಹೊಸ ಕಂಪ್ಯೂಟರ್ ಕೊಳ್ಳುವುದು ಟೀಚರ್ ಸಂಬಳದಲ್ಲಿ ದೂರದ ಮಾತು. ಹಾಗಾದರೆ ಇದ್ದದ್ದನ್ನೇ ಗಟ್ಟಿ ಮಾಡಬೇಕು. ಏನು ಬದಲಿಸಬೇಕು, ಏನು ಬಿಡಬೇಕು?

ಎರಡು ತಿಂಗಳು ಅಕ್ಕ ಇದನ್ನೇ ಓದಿದಳು. ಗುಲಬರ್ಗಾಕ್ಕೆ ಹೋದಾಗಲೆಲ್ಲ ಹಳೆಯ ಕಂಪ್ಯೂಟರ್ ಮ್ಯಾಗಝಿನ್ ತಂದಳು. ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆ ಬಿಚ್ಚಿದಳು. ಹಳೇ ಸೀರೆಯ ತುಂಡಿನಿಂದ ಧೂಳು ಒರೆಸಿ ಒಳಗಿನ ಸ್ಲಾಟುಗಳನ್ನು ಎಣಿಸಿದಳು. ಕೊನೆಗೆ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಮೂರು ಸಾಲಿನ ಪಟ್ಟಿ ಬರೆದು ನನ್ನ ಮುಂದೆ ಹಿಡಿದಳು.

“ಇದ ಸಾಕೆಟ್ಟಿಗೆ ಕೂಡೋ ಜೋರ್ ಪ್ರೊಸೆಸರ್ ಒಂದು ಬಂದದ. ಬೋರ್ಡ್ ಬದಲಿ ಮಾಡೂದು ಬ್ಯಾಡ. ರ‍್ಯಾಮ್ ಎಂಟು ಅದ, ಇನ್ನ ಹದಿನಾರು ಹಾಕಿದ್ರ ಸಾಕು. ಉಳಿದ ರೊಕ್ಕ ಎಲ್ಲಾ ಗ್ರಾಫಿಕ್ಸ್ ಕಾರ್ಡಿಗೆ. ಬಿಳಿ ಸ್ಲಾಟ್ ಒಂದು ಖಾಲಿ ಅದ, ನೋಡೇನಿ.”

“ಹಾರ್ಡ್ ಡಿಸ್ಕ್?”

“ಬ್ಯಾಡ. ಹಳೇ ಪ್ರಶ್ನೆಪತ್ರಿಕಿ ಎಲ್ಲಾ ಫ್ಲಾಪಿಗೆ ಹಾಕಿ ಅಳಿಸೇನಿ. ಜಾಗಾ ಆಗ್ಯಾದ.”

“ಸಿ.ಡಿ. ಡ್ರೈವ್ ಭಾಳ ಹಳೇದು ಅಲ್ಲೇನು?”

“ಹಳೇದು ಖರೆ, ಆದ್ರ ಓದತದ. ಆಟ ಒಮ್ಮೆ ಹಾಕ್ಕೊಳ್ಳೋದು. ಜಲ್ದಿ ಓದಿ ಏನ ಮಾಡೂದದ?”

ನಾನು ಹದಿನೈದು ವರ್ಷದಿಂದ ಸರ್ಕಾರಿ ಅಂದಾಜುಪಟ್ಟಿಗಳನ್ನು ನೋಡುತ್ತಿದ್ದೇನೆ. ಇಷ್ಟು ಚೊಕ್ಕವಾದ, ಇಷ್ಟು ಪ್ರಾಮಾಣಿಕವಾದ ಪಟ್ಟಿಯನ್ನು ಕಂಡಿಲ್ಲ. ಅದರಲ್ಲಿ ಒಂದೂ ಹೆಚ್ಚಿನ ಸಾಮಾನಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದವಳು ಅಂಗಡಿಗೆ ನನ್ನನ್ನು ಯಾಕೆ ಕರೆದುಕೊಂಡು ಹೋಗಬೇಕು?

“ಅಂಗಡಿಯಾಂವ ಹೆಂಗಸರ ಜೋಡಿ ನೆಟ್ಟಗ ಮಾತಾಡಂಗಿಲ್ಲೋ,” ಎಂದಳು. “ನೀ ಸುಮ್ಮ ಬಾಜೂಕ ನಿಂದ್ರು. ಮಾತು ನಾ ಆಡ್ತೇನಿ.”

ಕೇಳಿಸಿಕೊಂಡಿರಾ? ನನಗೆ ವಹಿಸಿದ್ದ ಕೆಲಸ ಸುಮ್ಮನೆ ನಿಲ್ಲುವುದು. ಅಷ್ಟನ್ನೂ ನಾನು ಸರಿಯಾಗಿ ಮಾಡಲಿಲ್ಲ.

ಅಂಗಡಿ ವಿಠ್ಠಲರಾವ್ ಅವರದ್ದು. ಖಜೂರಿ ಕಡೆಯವರು. ಮೊದಲು ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತಿದ್ದರು. ಈಗ ಬೋರ್ಡಿನ ಮೇಲೆ ‘ಕಂಪ್ಯೂಟರ್’ ಎಂದೂ ಬರೆಸಿಕೊಂಡಿದ್ದಾರೆ. ವಾರಕ್ಕೊಮ್ಮೆ ಸೋಲಾಪುರಕ್ಕೆ ಹೋಗಿ ಮಾಲು ತರುತ್ತಾರೆ. ನಾವು ಹೋದಾಗ ಸ್ಟೂಲಿನ ಮೇಲೆ ನಮ್ಮ ಕಚೇರಿಯ ಹೆಡ್ ಕ್ಲರ್ಕ್ ಗುರುಪಾದಪ್ಪ ಕೂತಿದ್ದರು. ಅವರ ಟೇಪ್ ರೆಕಾರ್ಡರ್ ರಿಪೇರಿಗೆ ಬಂದಿತ್ತು.

“ಬರ್ರಿ ಸರ್, ಏನ ಬೇಕಾಗಿತ್ರಿ?” ವಿಠ್ಠಲರಾವ್ ಕೇಳಿದ್ದು ನನ್ನನ್ನು.

ಅಕ್ಕ ಪಟ್ಟಿಯನ್ನು ಕೌಂಟರಿನ ಮೇಲಿಟ್ಟಳು. ಅವರು ಓದಿದರು. ಓದಿ, ಮತ್ತೆ ನನ್ನ ಕಡೆಗೇ ತಿರುಗಿದರು.

“ಗ್ರಾಫಿಕ್ಸ್ ಕಾರ್ಡ್ ಯಾತಕ್ರೀ ಸರ್? ಇದು ಗೇಮ್ ಆಡೋರಿಗೆ ಬೇಕಾಗೂದು.”

ಗುರುಪಾದಪ್ಪನವರ ಕಿವಿ ನಿಮಿರಿತು. “ಗೇಮ್? ನಿಮ್ಮ ಮನ್ಯಾಗ ಯಾರ ಆಡ್ತಾರ್ರೀ ಗೇಮು? ನಿಮಗಿನ್ನಾ ಮಕ್ಕಳಿಲ್ಲಲ್ಲಾ?”

ಅಕ್ಕ ಬಾಯಿ ತೆರೆದಳು. ಅವಳು ಏನು ಹೇಳುತ್ತಿದ್ದಳು ಎಂದು ನನಗೆ ಗೊತ್ತಿತ್ತು. ‘ನಾ ಆಡ್ತೇನ್ರಿ’ ಎನ್ನುತ್ತಿದ್ದಳು. ತರಗತಿಯಲ್ಲಿ ಪ್ರಮೇಯ ಹೇಳುವಷ್ಟೇ ಸಲೀಸಾಗಿ ಹೇಳುತ್ತಿದ್ದಳು.

ಅಷ್ಟರಲ್ಲಿ ನನ್ನ ಬಾಯಿ ಮುಂದೆ ಬಂತು. “ಗೇಮ್ ಎಲ್ಲೀದ್ರಿ ಸಾಹೇಬ್ರ! ಸಾಲಿ ಕೆಲಸಕ್ಕ ಬೇಕಾಗ್ಯಾದ್ರಿ.” ಜೊತೆಗೆ ಒಂದು ನಗೆ ಬೇರೆ ನಕ್ಕೆ.

ಅಕ್ಕ ನನ್ನನ್ನು ಒಮ್ಮೆ ನೋಡಿದಳು. ಸಿಟ್ಟಿನಿಂದಲ್ಲ. ಪರೀಕ್ಷೆಯಲ್ಲಿ ಜಾಣ ಹುಡುಗಿ ಕಾಪಿ ಹೊಡೆಯುವುದನ್ನು ಕಂಡ ಟೀಚರ್ ನೋಡುವ ಹಾಗೆ. ಕೌಂಟರಿನ ಮೇಲಿದ್ದ ಪಟ್ಟಿಯನ್ನು ತೆಗೆದುಕೊಂಡಳು. ನಾಲ್ಕು ಮಡಿಕೆ ಮಾಡಿ ಬ್ಯಾಗಿನಲ್ಲಿಟ್ಟಳು.

“ಹಂಗಾರ ಇದ್ಯಾವ್ದೂ ಬ್ಯಾಡ್ರಿ ಸರ್,” ವಿಠ್ಠಲರಾವ್ ಉತ್ಸಾಹದಿಂದ ಎದ್ದರು. “ಸಾಲಿ ಕೆಲಸ ಅಂದ್ರ ಪ್ರಿಂಟರ್ ಬೇಕ್ರಿ. ದೊಡ್ಡ ಹಾರ್ಡ್ ಡಿಸ್ಕ್ ಹಾಕ್ಕೋರಿ. ಸಿ.ಡಿ. ಡ್ರೈವ್ ಹೊಸಾದು ಬಂದದ, ಏಕದಮ್ ಫಾಸ್ಟ್.”

“ಮಾರ್ಕ್ಸ್ ಕಾರ್ಡ್ ಎಲ್ಲಾ ಮನ್ಯಾಗ ಛಾಪಿಸಬಹುದು ನೋಡ್ರಿ ಬಾಯಾರ!” ಎಂದು ಗುರುಪಾದಪ್ಪ ಅಕ್ಕನಿಗೆ ಹೇಳಿದರು.

“ನಡೀತದೇನಕ್ಕಾ?” ಎಂದು ಕೇಳಿದೆ. ಕೇಳಲಿಕ್ಕೆ ನನಗೆ ಮುಖ ಎಲ್ಲಿಂದ ಬಂತೋ.

“ನಡೀತದ,” ಎಂದಳು. ತನ್ನ ಪರ್ಸ್ ತೆಗೆದು ತಾನೇ ಹಣ ಕೊಟ್ಟಳು.

ಈಗ ಈ ಗುರುಪಾದಪ್ಪನವರ ವಿಷಯ ಕೇಳಿ. ವಯಸ್ಸು ಐವತ್ತನಾಲ್ಕು. ಕಚೇರಿ ಬಿಟ್ಟ ಕೂಡಲೇ ಕ್ಲಬ್ಬು. ಇಸ್ಪೀಟು. ಭಾನುವಾರವಂತೂ ಬೆಳಿಗ್ಗೆಯಿಂದಲೇ. ಎಲೆ ತಿರುವಿ ತಿರುವಿ ಬೆರಳ ತುದಿ ನುಣ್ಣಗಾಗಿದೆ. ಆಳಂದ, ಅಫಜಲಪುರ, ಜೇವರ್ಗಿ, ಯಾವ ಊರಿಗೆ ವರ್ಗವಾದರೂ ಅವರು ಮೊದಲು ಹುಡುಕುವುದು ಮನೆಯನ್ನಲ್ಲ, ಆಟದ ಜೋಡಿಯನ್ನು. (ಇದನ್ನು ಅವರೇ ಹೆಮ್ಮೆಯಿಂದ ಹೇಳುತ್ತಾರೆ.) ಈ ವಯಸ್ಸಿನಲ್ಲಿ ಎಂಥ ಆಟರೀ ಎಂದು ಅವರನ್ನು ಯಾರಾದರೂ ಕೇಳಿದ್ದಾರಾ? ಗಂಡಸು ಆಡಿದರೆ ಟೈಂಪಾಸ್. ಹೆಂಗಸು ಆಡಿದರೆ ತಲೆ ಕೆಟ್ಟಿದೆ. ಈ ನಿಯಮವನ್ನು ಬರೆದವರು ಯಾರು?

ಬರೆದವರು ಯಾರೋ ಗೊತ್ತಿಲ್ಲ. ಪಾಲಿಸಿದವನು ನಾನು.

ಅಕ್ಕನನ್ನು ನೋಡಿ ಅವರು ನಗಬಾರದು ಎಂದು ಸುಳ್ಳು ಹೇಳಿದೆ ಅಂತ ಮೊದಮೊದಲು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳೇ. ಮಾರನೆಯ ದಿನ ಕಚೇರಿಯಲ್ಲಿ ಅವರು ನನ್ನನ್ನು ನೋಡಿ ನಗುತ್ತಾರಲ್ಲ ಎಂಬ ಹೆದರಿಕೆ ಅದು.

ಎರಡು ದಿನ ಬಿಟ್ಟು ವಿಠ್ಠಲರಾವ್ ಬಂದು ಎಲ್ಲ ಜೋಡಿಸಿ ಹೋದರು. ಭಾನುವಾರ ಅಕ್ಕ ಹೊಸ ಡ್ರೈವಿನಲ್ಲಿ ಸಿ.ಡಿ. ಹಾಕಿದಳು. ಬಹಳ ಬೇಗ ಓದಿತು. ಆಟ ಶುರುವಾಯಿತು. ವಿಮಾನ ಓಡಿತು, ತುಸು ಏರಿತು, ಗಾಳಿಯಲ್ಲಿ ಹಾಗೇ ನಿಂತುಬಿಟ್ಟಿತು. ಮುಂದಿನ ಚಿತ್ರದಲ್ಲಿ ನೆಲದ ಮೇಲಿತ್ತು, ಚೂರು ಚೂರಾಗಿ.

ಅಕ್ಕ ಎರಡನೇ ಸಲ ನೋಡಲಿಲ್ಲ. ಮಷಿನ್ ಬಂದ್ ಮಾಡಿ, ಮೇಲೆ ಬಟ್ಟೆ ಹೊದಿಸಿ, ಒಳಗೆ ಹೋಗಿ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಆರಿಸುತ್ತ ಕೂತಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಪ್ರಶ್ನೆಪತ್ರಿಕೆಗಳನ್ನು ಮತ್ತೆ ಕೈಯಲ್ಲೇ ಬರೆಯತೊಡಗಿದಳು.

ಒಂದು ವಾರ ತಡೆದುಕೊಂಡೆ. ಆಮೇಲೆ ಒಬ್ಬನೇ ಅಂಗಡಿಗೆ ಹೋದೆ. ತಂದ ಸಾಮಾನು ವಾಪಸ್ ತೆಗೆದುಕೊಳ್ಳಿ ಎಂದೆ.

“ಬಿಚ್ಚಿದ ಮಾಲು ವಾಪಸ್ ಹೆಂಗ ತಗೋಲಿ ಸರ್?”

ಆಗ ನಿಜ ಹೇಳಿದೆ. ಅಕ್ಕ ವಿಮಾನದ ಆಟ ಆಡುತ್ತಾಳೆ, ಆ ಪಟ್ಟಿ ಅದಕ್ಕೆಂದೇ ಬರೆದದ್ದು ಎಂದೆ. ಅವರು ನಗಲಿ ಎಂದು ಒಳಗೊಳಗೇ ಕಾದೆ. ನಕ್ಕಿದ್ದರೆ ನಾನು ಅಂದು ಹೆದರಿದ್ದು ಸರಿ ಎಂದಾಗುತ್ತಿತ್ತು.

ವಿಠ್ಠಲರಾವ್ ನಗಲಿಲ್ಲ. ಹಣೆ ಚಚ್ಚಿಕೊಂಡರು.

“ಮೊದಲ ಹೇಳಬಾರದೇನ್ರಿ? ಬಾಯಾರ ಲಿಸ್ಟ್ ಏಕದಮ್ ಬರಾಬರ್ ಇತ್ತು. ಸೋಲಾಪುರದ ಅಂಗಡಿಯವರಿಗೂ ಅಷ್ಟು ನೀಟಾಗಿ ಹೇಳಾಕ ಬರಂಗಿಲ್ಲ. ನೀವಾ ಅಂದ್ರಲ್ಲಾ ಸಾಲಿ ಕೆಲಸಕ್ಕಂತ!”

ನನ್ನ ಖರ್ಚಿನಲ್ಲಿ ಗ್ರಾಫಿಕ್ಸ್ ಕಾರ್ಡ್ ತರಿಸಿಕೊಡಿ ಎಂದೆ. ಮುಂದಿನ ವಾರ ಬಂತು. ಸಂಜೆ ಮನೆಗೆ ತಂದು, ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದ ಅಕ್ಕನ ಮುಂದಿಟ್ಟೆ. ಅಕ್ಕ ಡಬ್ಬಿ ತೆರೆದಳು. ಕಾರ್ಡನ್ನು ಅಂಚು ಹಿಡಿದು ಎತ್ತಿ ಎರಡೂ ಬದಿ ನೋಡಿದಳು. ಎಳೆಗೂಸನ್ನು ಎತ್ತಿಕೊಂಡ ಹಾಗೆ ಹಿಡಿದಿದ್ದಳು. ನನಗೆ ಜೀವ ಬಂದಂತಾಯಿತು. ಆಮೇಲೆ ಅದನ್ನು ಡಬ್ಬಿಯಲ್ಲಿಟ್ಟು ಮುಚ್ಚಿದಳು.

“ಇದೊಂದು ಹಾಕಿದ್ರ ಆಗಂಗಿಲ್ಲ. ಪ್ರೊಸೆಸರ್ ಹಳೇದ ಅದಲ್ಲಾ.”

“ಅದನೂ ತರ್ತೇನಿ. ರ‍್ಯಾಮ್ ಸೈತ ತರ್ತೇನಿ.”

“ಬ್ಯಾಡ.”

“ಯಾಕ ಅಕ್ಕಾ? ನಂದು ತಪ್ಪಾತು.”

ಅಕ್ಕ ಕೆಂಪು ಪೆನ್ನಿನ ಕ್ಯಾಪ್ ಹಾಕಿದಳು.

“ತಮ್ಮಾ, ಆ ಅಂಗಡ್ಯಾಗ ನನಗೇನು ನಾಚಿಕಿ ಬಂದಿರಲಿಲ್ಲ. ನಿನಗ ಬಂತು. ಇನ್ನ ಆ ಮಷಿನ್ ಮುಂದ ಕುಂತ್ರ ನನಗ ವಿಮಾನ ಕಾಣಂಗಿಲ್ಲೋ. ನಿನ್ನ ಮಾರಿ ಕಾಣತದ.”

ಅಷ್ಟು ಹೇಳಿ ಮುಂದಿನ ಉತ್ತರಪತ್ರಿಕೆ ತೆಗೆದುಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಒಳಗೆ ಸರಿದಳು. ನಾನು ಡಬ್ಬಿಯನ್ನು ಎತ್ತಿಕೊಂಡೆ.

ಅಕ್ಕನಿಗೆ ನಾಲ್ಕು ವರ್ಷದಿಂದ ಹೆಡ್‌ಮಿಸ್ ಬಡ್ತಿಯ ಮಾತು ಬರುತ್ತಿತ್ತು. ಆದರೆ ಹೋಗಬೇಕಾದ ಊರು ಯಡ್ರಾಮಿ. ಜೇವರ್ಗಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು. ಪ್ರತಿ ಸಲ ‘ನನಗ ಇಲ್ಲೇ ಚಲೋ ಅದ’ ಎಂದು ಬರೆದುಕೊಟ್ಟು ತಪ್ಪಿಸಿಕೊಂಡಿದ್ದಳು. ಈ ಸಲ ಕಾಗದ ಬಂದಾಗ ನನ್ನನ್ನು ಕೇಳಲೂ ಇಲ್ಲ. ಸಹಿ ಹಾಕಿದಳು.

ಜೇವರ್ಗಿಯ ತನಕ ಜೊತೆಗೆ ಹೋದೆ. ಟ್ರಂಕನ್ನು ಯಡ್ರಾಮಿ ಬಸ್ಸಿನ ಮೇಲೇರಿಸಿ ಕೆಳಗಿಳಿದು, ಕಿಟಕಿಯ ಹತ್ತಿರ ನಿಂತು ಕೇಳಿದೆ: “ಕಂಪ್ಯೂಟರ್ ಮುಂದಿನ ಸಲ ತಂದು ಕೊಡ್ಲೇನಕ್ಕಾ?”

“ನೀನಾ ಇಟ್ಕೋ. ಪ್ರಿಂಟರ್ ಅದ, ನಿನ್ನ ಬರವಣಿಗಿಗೆ ಚಲೋ ಆಗತದ.”

ಹಂಗಿಸಿ ಹೇಳಲಿಲ್ಲ. ನಿಜಕ್ಕೂ ನನಗೆ ಉಪಯೋಗವಾಗಲಿ ಎಂದೇ ಹೇಳಿದಳು. ಅದಕ್ಕೇ ಅದು ಇನ್ನೂ ಚುಚ್ಚುತ್ತದೆ. ನೀವು ಓದುತ್ತಿರುವ ಈ ಅಂಕಣ ಅದೇ ಪ್ರಿಂಟರಿನಿಂದ ಹೊರಬಂದದ್ದು. ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಗ್ರಾಫಿಕ್ಸ್ ಕಾರ್ಡನ್ನು ವಿಠ್ಠಲರಾವ್ ತಕರಾರಿಲ್ಲದೆ ವಾಪಸ್ ತೆಗೆದುಕೊಂಡರು.

ಮೊನ್ನೆ ಕಚೇರಿಯಲ್ಲಿ ಗುರುಪಾದಪ್ಪ ನನ್ನ ಬೆನ್ನು ತಟ್ಟಿದರು. “ಅಂತೂ ಬಾಯಾರು ಎಚ್.ಎಂ. ಆದ್ರು. ಭಾಳ ಚಲೋ ಆತು. ಈಗ ಬರೋಬ್ಬರಿ ದಾರಿಗೆ ಬಿದ್ರು ನೋಡ್ರಿ.”

ಅಕ್ಕ ಪತ್ರ ಬರೆಯುತ್ತಾಳೆ. ಶಾಲೆಯ ಗೋಡೆ ಸೋರುವುದು, ಎಸ್ಸೆಸ್ಸೆಲ್ಸಿ ಮಕ್ಕಳ ಗಣಿತ, ಬಸ್ಸಿನ ತೊಂದರೆ ಎಲ್ಲವೂ ಇರುತ್ತವೆ. ತನಗೆ ಇಂಥದ್ದು ಬೇಕು, ಬರುವಾಗ ತಗೊಂಡು ಬಾ ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ.

ನಿಮ್ಮ ಮನೆಯಲ್ಲಿ ಇತ್ತೀಚೆಗೆ ಯಾರು, ಏನನ್ನು ಕೇಳುವುದು ಬಿಟ್ಟಿದ್ದಾರೆ?