ಬಂಡೆಯ ಗುಳಿಯ ಸೇವಂತಿಗೆ

ಅಮಾವಾಸ್ಯೆಯ ಸಮುದ್ರಸ್ನಾನಕ್ಕೆ ಮೊಮ್ಮಗಳೊಂದಿಗೆ ಹೊರಟವನು ಹೂವಿನ ಬುಟ್ಟಿಯನ್ನು ಮೆಲ್ಕಾರಿನ ಬಸ್ ತಂಗುದಾಣದಲ್ಲಿಯೇ ಮರೆತಿದ್ದೆ. ಸಮುದ್ರರಾಜನಿಗೆ ಹೂವಿಲ್ಲದೆ ಅರ್ಘ್ಯ ಕೊಡುವುದು ಹೇಗೆಂಬ ಚಿಂತೆಯಲ್ಲಿದ್ದಾಗ, ನೀರಿಳಿದ ಬಂಡೆಯ ಗುಳಿಯಲ್ಲಿ ಉಳಿದ ನೀರೊಳಗೆ ಸೇವಂತಿಗೆಯಂಥದ್ದೊಂದು ಅರಳಿತ್ತು. ಭಕ್ತಿಯಿಂದ ಕೀಳಲು ಕೈ ಚಾಚಿದೆ. ಎಸಳುಗಳು ಬೆರಳಿಗೆ ಅಂಟಿಕೊಂಡವು. ತುರಿಕೆ ಗಿಡ ತಾಗಿದಂತೆ ಚುರುಗುಟ್ಟಿತು.

"ಅಜ್ಜಾ, ಅದು ಹೂವಲ್ಲ, ಸೀ ಅನಿಮೋನ್ ಅಂತ ಪ್ರಾಣಿ!" ಎಂದು ಮೂಡುಬಿದಿರೆಯಲ್ಲಿ ಪ್ರಾಣಿಶಾಸ್ತ್ರ ಓದುವ ಅವಳು ನಕ್ಕಳು. "ಆ ಎಸಳುಗಳಲ್ಲೆಲ್ಲ ವಿಷದ ಸಣ್ಣ ಸೂಜಿಗಳುಂಟು. ಮೀನಿನ ಮರಿ ತಾಗಿದರೆ ಮರಗಟ್ಟಿ ಅದರ ಹೊಟ್ಟೆಗೇ ಹೋಗ್ತದೆ."

"ನಾನೋ?"

"ನೀವು ದೊಡ್ಡ ಮೀನಲ್ವಾ? ಉರಿ ಈಗ ಇಳೀತದೆ."

ಅಕ್ಷತೆಯಿಂದಲೇ ಅರ್ಘ್ಯ ಕೊಟ್ಟೆ. ಅದು ಮುಗಿಯುವಷ್ಟರಲ್ಲಿ ನನ್ನ ಕೈ ತಾಗಿ ಮುದುಡಿದ್ದ ಪ್ರಾಣಿ ಮತ್ತೆ ಅರಳಿತ್ತು. ಸಮುದ್ರರಾಜನೇ ಮುಡಿದದ್ದನ್ನು ಕಿತ್ತು ಅವನಿಗೇ ಕೊಡಹೊರಟಿದ್ದೆನಲ್ಲ ಎಂದು ನನಗೂ ನಗು ಬಂತು.